ಹೊಳೆಯ ಮೇಲೊಂದು ಹಗಲು

ನಮ್ಮ ಹಿರಿಯರು ಹೊಳೆಗೆ ಹೋಗುತ್ತಿದ್ದುದು ಮೀಯುವುದಕ್ಕೆ, ಬಟ್ಟೆ ಒಗೆಯುವುದಕ್ಕೆ, ಬಾಗಿನ ಬಿಡುವುದಕ್ಕೆ, ಇಲ್ಲವೆ ಆಚೆಯ ದಡದಲ್ಲಿದ್ದ ನೆಂಟರ ಮನೆಗೆ ದಾಟುವುದಕ್ಕೆ. ದೋಣಿ ಎಂಬುದು ದಾಟುವ ಸಾಧನ. ದಾಟಿದ ಮೇಲೆ ಅದಕ್ಕೆ ಬೆನ್ನು ಮಾಡುವುದೇ ವಾಡಿಕೆ. ದಾಟುವ ಉದ್ದೇಶವೇ ಇಲ್ಲದೆ ಬರಿದೆ ನೀರಿನ ಮೇಲೆ ಒಂದು ಹಗಲು ಕಳೆದು ಬರುವುದೆಂದರೆ ಅವರಿಗೆ ವಿನೋದವಾಗಿಯಾದರೂ ತೋರುತ್ತಿತ್ತು, ಹುಚ್ಚಾಗಿಯಾದರೂ ತೋರುತ್ತಿತ್ತು. ಆದರೆ ಕಾಲ ಬದಲಾಗಿದೆ. ಕಯಾಕ್ ಎಂಬ ಉದ್ದನೆಯ ಪುಟ್ಟ ದೋಣಿ ಈಗ ಗೋಕರ್ಣ, ಹೊನ್ನಾವರಗಳ ಕಡೆ ಬಾಡಿಗೆಗೆ ದೊರೆಯುತ್ತದೆ. ಡಿಸೆಂಬರಿನ ರಜೆ ಬಂತೆಂದರೆ ಪೇಟೆಯ ಮನೆಗಳಲ್ಲಿ ಮಕ್ಕಳು ಅದರ ಮಾತನ್ನೇ ಎತ್ತುತ್ತಾರೆ. ತಂದೆಗೆ ಉತ್ಸಾಹ, ತಾಯಿಗೆ ಅಳುಕು, ಅಜ್ಜಿಗೆ ಒಪ್ಪಿಗೆಯೇ ಇಲ್ಲ. ಈ ಮೂವರಲ್ಲಿ ಯಾರ ಮಾತೂ ತಪ್ಪಲ್ಲವೆಂಬುದು ಈ ಲೇಖನದ ತಾತ್ಪರ್ಯ. ಉತ್ಸಾಹವಿಲ್ಲದೆ ಹೊರಡುವುದಾಗದು, ಅಳುಕಿಲ್ಲದೆ ಸುರಕ್ಷಿತವಾಗಿ ಹಿಂದಿರುಗುವುದಾಗದು. ಇವೆರಡನ್ನೂ ಒಂದೇ ಸೂತ್ರದಲ್ಲಿ ಪೋಣಿಸುವುದಕ್ಕೆ ಯೋಜನೆ ಎಂದು ಹೆಸರು.

ಯೋಜನೆ ಗಾಳಿಯಲ್ಲಿ ನಿಲ್ಲುವುದಿಲ್ಲ. ಅದಕ್ಕೊಂದು ಹೊಳೆ ಬೇಕು. ಉತ್ತರ ಕನ್ನಡದ ಅಘನಾಶಿನಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಘವೆಂದರೆ ಪಾಪ, ಅದನ್ನು ನಾಶಮಾಡುವವಳು ಅಘನಾಶಿನಿ. ಸಿರಸಿಯ ಆಸುಪಾಸಿನ ಮಲೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಎತ್ತರದಿಂದ ಧುಮುಕಿ, ಘಟ್ಟದ ಕಣಿವೆಯಲ್ಲಿ ತಿರುತಿರುಗಿ, ಕುಮಟಾ ತಾಲೂಕಿನ ತದಡಿಯ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಉಂಚಳ್ಳಿಯ ಅಬ್ಬರಕ್ಕೆ ಪಕ್ಕದವರ ಮಾತು ಕೂಡ ಕೇಳಿಸದೆಂದು ಅದನ್ನು ಕೆಪ್ಪ ಜೋಗವೆಂದು ಆ ಕಡೆಯ ಜನ ಕರೆಯುತ್ತಾರೆ. ಮೇಲೆ ಇಷ್ಟು ಗದ್ದಲ ಮಾಡುವ ಈ ಹೊಳೆಯೇ ಘಟ್ಟ ಇಳಿದ ಮೇಲೆ ಎಷ್ಟು ಸೌಮ್ಯವಾಗುತ್ತದೆಂದರೆ, ಚಳಿಗಾಲದ ಬೆಳಗಿನಲ್ಲಿ ತೆಂಗಿನ ನೆರಳು ನೀರಿನಲ್ಲಿ ಅಲುಗಾಡದೆ ನಿಂತಿರುವುದನ್ನು ಕಾಣಬಹುದು.

ಈ ಹೊಳೆಯನ್ನೇ ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣವುಂಟು. ನೆರೆಯ ಶರಾವತಿಗೂ ಕಾಳಿಗೂ ದೊಡ್ಡ ಅಣೆಕಟ್ಟುಗಳಿವೆ. ಅಘನಾಶಿನಿಯ ಮುಖ್ಯ ಹರಿವಿಗೆ ಅಡ್ಡಲಾಗಿ ಅಂಥ ಅಣೆಕಟ್ಟಿಲ್ಲ. ಮೇಲಿನಿಂದ ಯಾರೋ ಬಾಗಿಲು ತೆರೆದು ನೀರು ಬಿಟ್ಟಾರೆಂಬ ಚಿಂತೆ ಇಲ್ಲಿ ಇಲ್ಲ. ಈ ನದಿಯ ಅಳಿವೆ ಪ್ರದೇಶವು ರಾಂಸಾರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಗೆ ಸೇರಿದ ಸುದ್ದಿ 2024ರ ಜನವರಿ 31ರಂದು ಪ್ರಕಟವಾಯಿತು. ಇರಾನ್ ದೇಶದ ರಾಂಸಾರ್ ಎಂಬ ಪಟ್ಟಣದಲ್ಲಿ 1971ರಲ್ಲಿ ಏರ್ಪಟ್ಟ ಈ ಒಪ್ಪಂದದ ಪಟ್ಟಿಗೆ ಕರ್ನಾಟಕದಿಂದ ಮೊದಲು ಸೇರಿದುದು ರಂಗನತಿಟ್ಟು, 2022ರಲ್ಲಿ. ಅಣೆಕಟ್ಟಿಲ್ಲದ ಹೊಳೆಗೆ ಒಡೆಯರೇ ಇಲ್ಲವೆಂದು ಮಾತ್ರ ತಿಳಿಯಬಾರದು. ಇಬ್ಬರು ಒಡೆಯರಿದ್ದಾರೆ: ಮೇಲುಗಡೆ ಮಳೆ, ಕೆಳಗಡೆ ಸಮುದ್ರ. ಇವರಿಬ್ಬರ ಅಪ್ಪಣೆ ಪಡೆಯದೆ ದೋಣಿ ನೀರಿಗಿಳಿಸತಕ್ಕದ್ದಲ್ಲ.

ಮಳೆಯ ಮಾತು ಸುಲಭವಾದುದು. ಈ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾದ ಮಳೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಹೊಳೆ ಕೆಂಪಾಗಿ, ಮರದ ದಿಮ್ಮಿಗಳನ್ನು ಹೊತ್ತು ಹರಿಯುತ್ತದೆ. ವಿಹಾರದ ಮಾತನ್ನೇ ಎತ್ತಬಾರದು. ಅಕ್ಟೋಬರಿನಲ್ಲಿಯೂ ಸಂಜೆಯ ಗುಡುಗು-ಮಿಂಚು ಉಂಟು. ನವೆಂಬರಿನ ನಡುವಿನಿಂದ ಫೆಬ್ರವರಿಯ ತನಕ ಹಿತವಾದ ಕಾಲ. ಆಗಲೂ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತದ ವಾರ್ತೆ ಇದ್ದರೆ ಟಿಕೇಟಿನ ದುಡ್ಡಿಗೆ ಮರುಗದೆ ಪ್ರಯಾಣವನ್ನು ಮುಂದೂಡುವುದೇ ವಿವೇಕ.

ಸಮುದ್ರದ ಮಾತು ಕೊಂಚ ಸೂಕ್ಷ್ಮವಾದುದು. ಬಯಲುಸೀಮೆಯಿಂದ ಬರುವ ನಮಗೆ ಹೊಳೆಯೆಂದರೆ ಒಂದೇ ದಿಕ್ಕಿಗೆ ಹರಿಯುವ ವಸ್ತು. ಆದರೆ ಕಡಲಿಗೆ ಸಮೀಪದ ಹೊಳೆ ದಿನಕ್ಕೆ ಎರಡು ಸಲ ಹಿಂದಕ್ಕೆ ಹರಿಯುತ್ತದೆ! ಗ್ರಂಥಗಳಲ್ಲಿ ಉಬ್ಬರವೆಂದು ಬರೆಯುವುದನ್ನು ಕರಾವಳಿಯವರು ಭರತವೆನ್ನುತ್ತಾರೆ. ಭರತ ಬಂದಾಗ ಉಪ್ಪುನೀರು ಅಳಿವೆಯಿಂದ ಒಳನುಗ್ಗಿ ಹತ್ತಾರು ಕಿಲೋಮೀಟರು ಮೇಲಕ್ಕೆ, ಉಪ್ಪಿನಪಟ್ಟಣದ ಕಡೆಗೆ ಏರುತ್ತದೆ, ಇಳಿತದಲ್ಲಿ ಹಿಂದಿರುಗುತ್ತದೆ. ಒಂದು ಭರತಕ್ಕೂ ಮುಂದಿನ ಭರತಕ್ಕೂ ನಡುವೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಆದುದರಿಂದ ಇಂದು ಹತ್ತು ಗಂಟೆಗೆ ತುಂಬಿದ ನೀರು ನಾಳೆ ತುಂಬುವುದು ಹತ್ತು ಗಂಟೆ ಐವತ್ತು ನಿಮಿಷಕ್ಕೆ. ಹೀಗೆ ದಿನದಿನಕ್ಕೆ ಸರಿಯುತ್ತ ಹೋಗಿ, ಒಂದು ಪಕ್ಷ ಕಳೆಯುವ ಹೊತ್ತಿಗೆ ಮತ್ತೆ ಹೆಚ್ಚುಕಡಿಮೆ ಅದೇ ಗಳಿಗೆಗೆ ಬಂದು ನಿಲ್ಲುತ್ತದೆ.

ಇದರ ಅರ್ಥವೇನು? ನಿಮ್ಮ ಮನೆಯ ಗೋಡೆಯ ಮೇಲೆ ತೂಗಾಡುವ ಪಂಚಾಂಗದ ಕ್ಯಾಲೆಂಡರೇ ಅರ್ಧ ಭರತದ ಪಟ್ಟಿ! ಚಂದ್ರನ ಸೆಳೆತದಿಂದ ಏಳುವ ನೀರು ಚಂದ್ರನ ತಿಥಿಯನ್ನೇ ಅನುಸರಿಸುತ್ತದೆ. ಗಡಿಯಾರವಿಲ್ಲದ ಕಾಲದಿಂದಲೂ ಅಂಬಿಗರು ತಿಥಿ ನೋಡಿ ದೋಣಿ ಬಿಡುತ್ತಿದ್ದುದು ಇದರಿಂದಲೇ. ಅಮಾವಾಸ್ಯೆ-ಹುಣ್ಣಿಮೆಗಳಲ್ಲಿ ಮತ್ತು ಅವುಗಳ ಮರುದಿನ, ಮೂರನೆಯ ದಿನಗಳಲ್ಲಿ ನೀರಿನ ಏರಿಳಿತವೂ ಸೆಳೆತವೂ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಮೆ. ಹಾಗಾದರೆ ಅಷ್ಟಮಿಯೇ ಒಳ್ಳೆಯದಲ್ಲವೆ ಎನ್ನುವಿರಿ. ಆದರೆ ಅಷ್ಟಮಿಯ ದಿನಗಳಲ್ಲಿ ಈ ಕರಾವಳಿಯ ನೀರು ಬೆಳಗಿನ ಹೊತ್ತಿನಲ್ಲಿಯೇ ತೀರ ಇಳಿದಿರುತ್ತದೆ; ಪರ್ವದಿನಗಳಲ್ಲಾದರೋ ಮಧ್ಯಾಹ್ನಕ್ಕೆ ಮುಂಚಿತವಾಗಿ ತುಂಬಿರುತ್ತದೆ. ನಮಗೆ ಬೇಕಾದುದು ಎರಡರ ನಡುವಣ ದಿನ: ಏಕಾದಶಿಯಿಂದ ತ್ರಯೋದಶಿಯೊಳಗೆ ಸಾಮಾನ್ಯವಾಗಿ ಅದು ದೊರೆಯುತ್ತದೆ. ಇದು ಸ್ಥೂಲವಾದ ಲೆಕ್ಕ. ಖಚಿತವಾದ ವೇಳೆಗೆ ಭಾರತೀಯ ಸರ್ವೇಕ್ಷಣಾ ಇಲಾಖೆಯು ವರ್ಷವರ್ಷವೂ ಪ್ರಕಟಿಸುವ ಭರತ-ಇಳಿತಗಳ ಕೋಷ್ಟಕವನ್ನು ನೋಡಬೇಕು. ಕೋಷ್ಟಕದ ವೇಳೆ ಕಡಲತೀರದ ಬಂದರಿಗೆ ಸಂಬಂಧಿಸಿದುದು. ಹೊಳೆಯೊಳಗೆ ಹೋದಷ್ಟೂ ನೀರು ತುಂಬುವುದು ತಡವಾಗುತ್ತದೆ. ಎಷ್ಟು ತಡ ಎಂಬುದನ್ನು ಆ ಊರಿನ ಅಂಬಿಗರಲ್ಲಿ ಕೇಳಿ ತಿಳಿಯತಕ್ಕದ್ದು. ಹಿಂದಿನ ದಿನವೇ ಧಕ್ಕೆಗೆ ಹೋಗಿ, "ನಾಳೆ ನೀರು ಎಷ್ಟೊತ್ತಿಗೆ ತುಂಬ್ತದೆ ಅಣ್ಣಾ?" ಎಂದು ಕೇಳಿದರೆ ಯಾರೂ ಹೇಳದಿರಲಾರರು.

ಇನ್ನು ಹಾದಿಯ ಆಯ್ಕೆ. ನಕ್ಷೆಯನ್ನು ಬಿಡಿಸಿದೊಡನೆ ಎಲ್ಲರ ಬೆರಳೂ ಅಳಿವೆಯ ಕಡೆಗೇ ಓಡುತ್ತದೆ. ನದಿಯೂ ಕಡಲೂ ಕೂಡುವ ಸ್ಥಳ ನೋಡಲು ರಮ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಸಬರ ಪುಟ್ಟ ದೋಣಿಗೆ ಅದು ಸ್ಥಳವಲ್ಲ. ಇಳಿತದ ನೀರು ಹೊರಕ್ಕೆ ಎಳೆಯುವಾಗ ಕಡಲ ತೆರೆ ಒಳಕ್ಕೆ ನೂಕುತ್ತದೆ. ಅವೆರಡೂ ಢಿಕ್ಕಿಹೊಡೆಯುವೆಡೆಯಲ್ಲಿ ಪಳಗಿದ ಮೀನುಗಾರನೂ ಎಚ್ಚರದಿಂದಿರುತ್ತಾನೆ. ಅಲ್ಲಿ ಯಂತ್ರದ ದೋಣಿಗಳ ಓಡಾಟವೂ ಉಂಟು. ಅಳಿವೆಯನ್ನು ದಡದಲ್ಲಿ ನಿಂತು ನೋಡಿದರೆ ಸಾಕು.

ನಮ್ಮ ಹಾದಿ ಅದರ ವಿರುದ್ಧ ದಿಕ್ಕಿನದು. ಕುಮಟೆಯಿಂದ ಗೋಕರ್ಣದ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ದಿವಗಿಗೂ ಮಿರ್ಜಾನಕ್ಕೂ ನಡುವೆ ಅಘನಾಶಿನಿಯ ಸೇತುವೆ ಸಿಗುತ್ತದೆ. ಕೊಂಕಣ ರೈಲ್ವೆಯೂ ಇದೇ ಭಾಗದಲ್ಲಿ ನದಿಯನ್ನು ದಾಟುತ್ತದೆ. ಈ ಸೇತುವೆಗಳಿಗಿಂತ ಮೇಲುಗಡೆಯಲ್ಲಿ ದೋಣಿಗಿಳಿದು, ಏರುವ ಭರತದೊಡನೆ ಘಟ್ಟದ ಕಡೆಗೆ ಹೋಗಿ, ಇಳಿತದೊಡನೆ ಹಿಂದಿರುಗುವುದು. ಹೋಗುವಾಗಲೂ ನೀರೇ ನೂಕುತ್ತದೆ, ಬರುವಾಗಲೂ ನೀರೇ ತರುತ್ತದೆ. ಇಂಥ ಸೌಲಭ್ಯ ಬಯಲುಸೀಮೆಯ ಯಾವ ಹೊಳೆಯಲ್ಲಿದೆ? ಸಮುದ್ರವು ಬೆನ್ನ ಹಿಂದೆ ದೂರದಲ್ಲಿರುತ್ತದೆ. ಎಡಬಲದಲ್ಲಿ ದಡ, ತೋಟ, ಮನೆಗಳು ಕಣ್ಣಿಗೆ ಕಾಣುತ್ತಲೇ ಇರುತ್ತವೆ.

ಎಷ್ಟು ದೂರ ಹೋಗಬೇಕು? ಇಲ್ಲಿ ಕೊಂಚ ಅಂಕಗಣಿತ ಅಗತ್ಯ. ಶಾಲೆಯ ಮಕ್ಕಳೇ ಈ ಲೆಕ್ಕವನ್ನು ಮಾಡಿ ತೋರಿಸಲಿ. ಹೊಸಬರು ಹುಟ್ಟು ಹಾಕಿದರೆ ನಿಂತ ನೀರಿನಲ್ಲಿ ಗಂಟೆಗೆ ಮೂರು ಕಿಲೋಮೀಟರು ಹೋಗುತ್ತಾರೆನ್ನೋಣ. ನೀರಿನ ಸೆಳೆತ ಗಂಟೆಗೆ ಒಂದು ಕಿಲೋಮೀಟರು. ಸೆಳೆತದೊಡನೆ ಹೋದರೆ ಗಂಟೆಗೆ ನಾಲ್ಕು. ಐದು ಕಿಲೋಮೀಟರಿಗೆ ಒಂದೂಕಾಲು ಗಂಟೆ. ಸೆಳೆತಕ್ಕೆದುರಾಗಿ ಬಂದರೆ ಗಂಟೆಗೆ ಎರಡು. ಅದೇ ಐದು ಕಿಲೋಮೀಟರಿಗೆ ಎರಡೂವರೆ ಗಂಟೆ. ಸೆಳೆತ ಗಂಟೆಗೆ ಎರಡು ಕಿಲೋಮೀಟರಾದರೆ ಎದುರು ಹಾದಿಗೆ ಐದು ಗಂಟೆ. ಮೂರಾಯಿತೋ, ಎಷ್ಟು ಹುಟ್ಟು ಹಾಕಿದರೂ ದೋಣಿ ನಿಂತಲ್ಲೇ ನಿಂತಿರುತ್ತದೆ! ತೋಳು ಸೋತ ತಂದೆ, ಬಿಸಿಲಿಗೆ ಬಾಡಿದ ಮಗು, ನಿಂತಲ್ಲೇ ನಿಂತ ದಡದ ತೆಂಗಿನಮರ, ಈ ಚಿತ್ರವನ್ನು ಒಮ್ಮೆ ಮನಸ್ಸಿನಲ್ಲಿ ಬರೆದುಕೊಂಡರೆ ಭರತದ ವೇಳೆ ಕೇಳುವುದನ್ನು ಯಾರೂ ಮರೆಯುವುದಿಲ್ಲ. ಇನ್ನೊಂದು ಮಾತು: ನೀರು ಏರುವ ಆರು ಗಂಟೆಗಳಲ್ಲಿ ವೇಗ ಒಂದೇ ಸಮನಾಗಿರುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಒಟ್ಟು ಏರಿಕೆಯಲ್ಲಿ ಅರ್ಧದಷ್ಟು ನಡುವಣ ಎರಡು ಗಂಟೆಗಳಲ್ಲಿಯೇ ಆಗುತ್ತದೆ. ಆದುದರಿಂದ ಭರತ ತುಂಬುವುದಕ್ಕೆ ಎರಡು ಗಂಟೆ ಮೊದಲು ಹೊರಟರೆ ಸೆಳೆತದ ಜೋರು ತಗ್ಗಿದ್ದು, ಹೊಸಬರಿಗೆ ಹದವಾಗಿರುತ್ತದೆ.

ಹತ್ತು ಗಂಟೆಗೆ ನೀರು ತುಂಬುವ ದಿನವೊಂದು ಸಿಕ್ಕಿತೆನ್ನೋಣ. ದಿನಚರಿ ಹೀಗಾಗುತ್ತದೆ. ಏಳೂವರೆಗೆ ದಡದಲ್ಲಿ ಹಾಜರಿ. ದೋಣಿ, ಕವಚಗಳ ತನಿಖೆ. ದಡದ ಪಕ್ಕದಲ್ಲಿಯೇ ಅರ್ಧ ಗಂಟೆ ಹುಟ್ಟು ಹಾಕುವ ಅಭ್ಯಾಸ. ಎಂಟಕ್ಕೆ ಪ್ರಯಾಣ. ಒಂಬತ್ತೂವರೆಗೆ, ನಾಲ್ಕೇ ಕಿಲೋಮೀಟರಾಗಿರಲಿ, ಐದೇ ಆಗಿರಲಿ, ಎಲ್ಲಿದ್ದೇವೋ ಅಲ್ಲಿಯೇ ನಿಲುಗಡೆ. ಗಟ್ಟಿನೆಲದ ದಡ ನೋಡಿ, ತೋಟದವರ ಅನುಮತಿ ಪಡೆದು ಇಳಿದು, ತಿಂಡಿ. ನೀರು ತುಂಬಿದ ತರುವಾಯ ಕೊಂಚ ಹೊತ್ತು ಅತ್ತಲೂ ಇಲ್ಲ, ಇತ್ತಲೂ ಇಲ್ಲವೆಂಬಂತೆ ನಿಲ್ಲುತ್ತದೆ. ದಡದ ಪಕ್ಕದಲ್ಲಿ ಒಂದು ಕಡ್ಡಿಯನ್ನು ತೇಲಬಿಟ್ಟರೆ ಅದು ಯಾವಾಗ ಕಡಲ ಕಡೆಗೆ ಮುಖ ಮಾಡಿತೆಂದು ಮಕ್ಕಳೇ ಹೇಳುತ್ತಾರೆ. ಹತ್ತೂವರೆಗೆ ಮರಳುವ ಪ್ರಯಾಣ. ಹನ್ನೆರಡರ ಸುಮಾರಿಗೆ ಹೊರಟಲ್ಲಿಗೇ ಬಂದು ಸೇರಬಹುದು. ಇಷ್ಟು ಬೇಗನೆ ಏಕೆಂದರೆ, ಮಧ್ಯಾಹ್ನ ಕಳೆದಂತೆ ನೆಲ ಕಾದು ಕಡಲಗಾಳಿ ಏಳುತ್ತದೆ. ಅದು ಪಶ್ಚಿಮದಿಂದ ಬೀಸುವುದರಿಂದ ಹಿಂದಿರುಗುವವರ ಮುಖಕ್ಕೇ ಹೊಡೆಯುತ್ತದೆ. ಹಗುರವಾದ ಕಯಾಕನ್ನು ತರಗೆಲೆಯಂತೆ ತಿರುಗಿಸುತ್ತದೆ. ಇಳಿಹೊತ್ತಿಗೆ ಮಿರ್ಜಾನದ ಕೋಟೆ ಇದ್ದೇ ಇದೆ. ಕರಿಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ಕೂಡಿಕೊಂಡಿರುವ ಜಂಬಿಟ್ಟಿಗೆಯ ಕೋಟೆ ಅದು. ಬೆಳಗ್ಗೆ ಕಂಡ ಹೊಳೆಯ ಮೇಲೆ ಹಿಂದೊಮ್ಮೆ ಮೆಣಸಿನ ಮೂಟೆಗಳು ತೇಲಿಹೋದುವೆಂದು ಮಕ್ಕಳಿಗೆ ಹೇಳುವುದಕ್ಕೆ ಅದಕ್ಕಿಂತ ತಕ್ಕ ಸ್ಥಳವಿಲ್ಲ.

ದೋಣಿಯ ವಿಚಾರ. ಕಯಾಕು ಉತ್ತರ ಧ್ರುವದ ಬಳಿಯ ಹಿಮಪ್ರದೇಶದ ಇನುಯಿಟ್ ಜನರ ಸೃಷ್ಟಿ. ಮರದ ಅಥವಾ ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಬೇಟೆಗೆ ಹೋಗುತ್ತಿದ್ದರು. ಎರಡು ತುದಿಗೂ ಅಲಗುಳ್ಳ ಹುಟ್ಟಿನಿಂದ, ಕಾಲು ಮುಂದಕ್ಕೆ ಚಾಚಿ ಕುಳಿತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರನ್ನು ಸೆಳೆಯುವುದು ಅದರ ಕ್ರಮ. ಕನೂ ಎಂಬುದು ಅಮೆರಿಕದ ಮೂಲನಿವಾಸಿಗಳ ತೆರೆದ ದೋಣಿ. ಅದರ ಹುಟ್ಟಿಗೆ ಒಂದೇ ಅಲಗು. ನಮ್ಮ ಕರಾವಳಿಯ ಪಾತಿದೋಣಿ ಇದರ ಹತ್ತಿರದ ಸಂಬಂಧಿ. ಈಗ ಬಾಡಿಗೆಗೆ ಸಿಗುವವು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನ, ಮೇಲೆ ಕುಳಿತುಕೊಳ್ಳುವ ಮಾದರಿಯವು. ಅವು ಮಗುಚಬಹುದು, ಮುಳುಗುವುದಿಲ್ಲ. ಇಬ್ಬರು ಕೂರುವ ದೋಣಿಯಲ್ಲಿ ಹಿರಿಯರೊಬ್ಬರು ಹಿಂದೆ, ಮಗು ಮುಂದೆ: ಇದು ನಿಯಮ. ಅಣ್ಣ-ತಂಗಿಯರನ್ನೇ ಒಂದು ದೋಣಿಯಲ್ಲಿ ಬಿಟ್ಟರೆ ದಿಕ್ಕಿನ ಬಗ್ಗೆ ನಡೆಯುವ ವಾದದಲ್ಲಿ ದೋಣಿಗೆ ದಿಕ್ಕೇ ತೋಚದು. ಅಜ್ಜ-ಅಜ್ಜಿಯರಿಗೂ ತೀರ ಚಿಕ್ಕ ಮಕ್ಕಳಿಗೂ ಊರ ಅಂಬಿಗರೊಬ್ಬರ ಅಗಲವಾದ ದೋಣಿಯನ್ನು ಗೊತ್ತುಮಾಡಿಕೊಂಡು, ಅದು ಜೊತೆಜೊತೆಗೇ ಬರುವಂತೆ ಏರ್ಪಡಿಸುವುದು ಎಲ್ಲಕ್ಕಿಂತ ಉತ್ತಮ. ದಣಿದವರಿಗೆ ಅದೇ ಆಸರೆ, ಬುತ್ತಿಗೆ ಅದೇ ಉಗ್ರಾಣ. ಆ ಹೊಳೆಯಲ್ಲಿ ಹುಟ್ಟಿ ಬೆಳೆದವರ ಕಣ್ಣು ಜೊತೆಗಿರುವುದಕ್ಕೆ ಕೊಡುವ ಕೂಲಿ ದುಬಾರಿಯೆಂದು ಭಾವಿಸಬಾರದು.

ಈಗ ಹೇಳುವ ಮಾತನ್ನು ದಯವಿಟ್ಟು ಎರಡು ಸಲ ಓದಿಕೊಳ್ಳಿ. ಕೇರಳದ ತಾನೂರಿನ ಬಳಿ 2023ರ ಮೇ 7ರ ಸಂಜೆ, ರಜೆಯ ಸಂತೋಷದಲ್ಲಿ ವಿಹಾರಕ್ಕೆ ಹೊರಟ ಸಂಸಾರಗಳನ್ನು ಹೊತ್ತ ದೋಣಿಯೊಂದು ನದೀಮುಖದಲ್ಲಿ ಮಗುಚಿತು. 22 ಜನ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಮಕ್ಕಳು. ಅಂದು ಬಿರುಗಾಳಿ ಇರಲಿಲ್ಲ, ಪ್ರವಾಹವೂ ಇರಲಿಲ್ಲ. ದೋಣಿಯಲ್ಲಿ ಮಿತಿಮೀರಿದ ಜನವಿತ್ತು, ಹೊತ್ತು ಮೀರಿತ್ತು. ಸೌಮ್ಯವಾದ ನೀರಿನಲ್ಲಿಯೂ ಮನುಷ್ಯ ಮುಳುಗುತ್ತಾನೆ; ಸೌಮ್ಯವಾಗಿದೆಯೆಂಬ ನೆಚ್ಚಿಕೆಯೇ ಎಷ್ಟೋ ಸಲ ಮುಳುಗಿಸುತ್ತದೆ. ಆದುದರಿಂದ ದೋಣಿಯಲ್ಲಿ ಎಷ್ಟು ತಲೆಯೋ ಅಷ್ಟು ಜೀವರಕ್ಷಕ ಕವಚ. ಅದನ್ನು ಕಾಲ ಬಳಿ ಇಟ್ಟುಕೊಳ್ಳುವುದಲ್ಲ, ದಡದಲ್ಲಿಯೇ ತೊಟ್ಟು ಬಿಗಿಯತಕ್ಕದ್ದು. ಈಜು ಬಲ್ಲವರಿಗೂ ವಿನಾಯಿತಿ ಇಲ್ಲ; ತಲೆಗೆ ದೋಣಿಯ ಅಂಚು ತಗಲಿದರೆ ಈಜು ನೆನಪಾಗುವುದಿಲ್ಲ. ಮಗುವಿನ ಕವಚ ಮಗುವಿನ ಅಳತೆಯದೇ ಆಗಿರಬೇಕು. ತೊಡಿಸಿದ ಮೇಲೆ ಭುಜದ ಪಟ್ಟಿಯನ್ನು ಹಿಡಿದು ಮೇಲಕ್ಕೆತ್ತಿ ನೋಡಿ. ಕವಚ ಮಾತ್ರ ಮೇಲೆ ಬಂದು ಕಿವಿಯನ್ನು ಮುಟ್ಟಿದರೆ ಅದು ಸಡಿಲ. ತಕ್ಕ ಕವಚ ಇಲ್ಲವೆಂದು ಬಾಡಿಗೆಯವರು ಹೇಳಿದರೆ ಆ ಮಗು ಅಂದು ದೋಣಿ ಹತ್ತುವುದಿಲ್ಲ, ಅಷ್ಟೆ. ಅತ್ತರೆ ಅಳಲಿ.

ಮಗುಚಿದರೆ ಮಾಡಬೇಕಾದುದನ್ನು ಮೊದಲೇ ಎಲ್ಲರಿಗೂ ಹೇಳಿಕೊಟ್ಟಿರಬೇಕು. ದೋಣಿಯನ್ನು ಬಿಡಬಾರದು, ಅದು ತೇಲುತ್ತದೆ, ದೂರಕ್ಕೆ ಕಾಣಿಸುತ್ತದೆ. ಒಂದು ಕೈಯಿಂದ ಅದನ್ನು ಹಿಡಿದು, ಅಂಗಾತ ತೇಲುತ್ತ, ಕವಚಕ್ಕೆ ಕಟ್ಟಿದ ಸೀಟಿಯನ್ನು ಊದಬೇಕು. ದಡ ಹತ್ತಿರವೆಂದು ಒಬ್ಬರೇ ಈಜಿ ಹೊರಡಬಾರದು. ಬಾಗಿದ ಕೊಂಬೆ, ಸೇತುವೆಯ ಕಂಬ, ಮೀನಿನ ಬಲೆಗೆ ನೆಟ್ಟ ಗೂಟ, ಇವುಗಳಿಗೆ ದೋಣಿ ಅಡ್ಡಡ್ಡಲಾಗಿ ಹೋಗದಂತೆ ನೋಡಿಕೊಳ್ಳಬೇಕು. ನೀರು ಹಾದುಹೋಗುತ್ತದೆ, ದೋಣಿ ಸಿಕ್ಕಿಬೀಳುತ್ತದೆ. ನೀವು ಎಲ್ಲಿಂದ ಹೊರಟಿರಿ, ಎಷ್ಟು ಹೊತ್ತಿಗೆ ಮರಳುವಿರಿ ಎಂಬುದನ್ನು ದಡದಲ್ಲಿರುವ ಒಬ್ಬರಿಗೆ ಬರೆದು ಕೊಟ್ಟು ಹೋಗುವುದು ಒಳ್ಳೆಯ ಪದ್ಧತಿ. ಆಪತ್ತಿನಲ್ಲಿ ಕರೆಯಬೇಕಾದ ಸಂಖ್ಯೆ 112 ಎಂಬುದನ್ನು ಅವರಿಗೂ ತಿಳಿಸಿರಿ.

ಉಡಿಗೆ-ತೊಡಿಗೆಯಲ್ಲಿ ಅಂದಕ್ಕಿಂತ ಅನುಕೂಲ ಮುಖ್ಯ. ಆರು ಗಜದ ಸೀರೆಯೂ ಪಂಚೆಯೂ ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳುತ್ತವೆ; ಬೇಗ ಆರುವ ಹಗುರವಾದ ಸಲ್ವಾರು, ಷರಾಯಿಗಳು ಲೇಸು. ಬರಿಗಾಲು ಬೇಡ, ಕೆಸರಿನಲ್ಲಿ ಅಡಗಿದ ಚಿಪ್ಪು ಚೂರಿಯಂತೆ ಕೊಯ್ಯುತ್ತದೆ. ಬಿಸಿಲು ಮೇಲಿನಿಂದ ಒಮ್ಮೆ, ನೀರಿನಿಂದ ಪ್ರತಿಫಲಿಸಿ ಇನ್ನೊಮ್ಮೆ ಸುಡುವುದರಿಂದ ತುಂಬುತೋಳಿನ ಅಂಗಿ, ಗಲ್ಲಕ್ಕೆ ದಾರ ಕಟ್ಟಿದ ಟೋಪಿ. ಕನ್ನಡಕಕ್ಕೂ ಒಂದು ದಾರ. ಮೊಬೈಲು, ಬೀಗದ ಕೈ, ಔಷಧಿಗಳು ನೀರು ಹೋಗದ ಚೀಲದಲ್ಲಿ. ಸುತ್ತಲೂ ನೀರಿದ್ದರೂ ಕುಡಿಯಲು ಒಂದು ಹನಿ ಇಲ್ಲದ ಹೊಳೆ ಇದು, ಉಪ್ಪು. ಆದುದರಿಂದ ತಲೆಗೆ ಎರಡು ಲೀಟರಿನಂತೆ ಸಿಹಿನೀರು. ಬುತ್ತಿಗೆ ಮೊಸರವಲಕ್ಕಿ, ಚಪಾತಿ-ಪಲ್ಯ, ಬಾಳೆಹಣ್ಣು. ಕುಮಟೆಯಲ್ಲಿ ಸಿಗುವ ಮುರುಗಲು ಹಣ್ಣಿನ ಪಾನಕ ಒಂದು ಸೀಸೆ ಇದ್ದರೆ ದಣಿವಾರುತ್ತದೆ. ಕಟ್ಟಿ ತಂದ ಬಾಳೆಲೆಯನ್ನು ಬಿಟ್ಟು ಬೇರೆ ಯಾವುದೂ ಆ ದಡದಲ್ಲಿ ಉಳಿಯಕೂಡದು.

ಏಕೆಂದರೆ ಆ ಹೊಳೆ ನಮ್ಮ ವಿಹಾರಕ್ಕಾಗಿ ಹರಿಯುತ್ತಿರುವುದಲ್ಲ. ಅದು ಸಾವಿರಾರು ಮನೆಗಳ ಒಲೆ ಉರಿಸುವ ಹೊಳೆ. ಕೆಳಭಾಗದಲ್ಲಿ ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಸೊಂಟದುದ್ದದ ನೀರಿನಲ್ಲಿ ನಿಂತು, ಕೆಸರಿನಿಂದ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಾರೆ. ಅದರ ಮಾಂಸ ಆಹಾರ, ಚಿಪ್ಪು ಸುಣ್ಣಕ್ಕೆ. ದಡದ ತಗ್ಗುನೆಲಗಳಿಗೆ ಗಜನಿ ಎಂದು ಹೆಸರು. ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಂಡು ಆಳೆತ್ತರಕ್ಕೆ ಏಳುವ ಈ ತಳಿಗೆ ಗೊಬ್ಬರವನ್ನು ಹೊಳೆಯೇ ತಂದುಕೊಡುತ್ತದೆ. ಕೊಯ್ಲಾದ ಮೇಲೆ ಅದೇ ಗಜನಿಯಲ್ಲಿ ಮೀನು, ಸಿಗಡಿ. ಒಂದೇ ನೆಲ, ಎರಡು ಫಸಲು. ಬೇರುಗಳನ್ನು ನೀರಿನ ಮೇಲಕ್ಕೆ ಊರುಗೋಲಿನಂತೆ ಚಾಚಿದ ಮರಗಳು ಕಂಡರೆ ಅವು ಕಾಂಡ್ಲಾ. ದಡ ಕೊಚ್ಚಿಹೋಗದಂತೆ ಹಿಡಿದಿರುವವು ಅವೇ, ಮೀನಿನ ಮರಿಗಳಿಗೆ ತೊಟ್ಟಿಲೂ ಅವೇ. ಆ ಬೇರುಗಳ ನಡುವೆ ದೋಣಿಯನ್ನು ನುಗ್ಗಿಸಬಾರದು. ಬಲೆ ಕಟ್ಟಿದ ಕಡೆ ಸುತ್ತಿಕೊಂಡು ಹೋಗಬೇಕು. ದುಡಿಯುತ್ತಿರುವವರ ಚಿತ್ರ ತೆಗೆಯುವುದಕ್ಕೆ ಮುಂಚೆ ಕೇಳಬೇಕು. ಬೇರೊಬ್ಬರ ಅಂಗಳದಲ್ಲಿ ಹಾದುಹೋಗುವಾಗ ನಾವು ತೋರುವ ಮರ್ಯಾದೆ ಎಷ್ಟೋ ಅಷ್ಟನ್ನು ಹೊಳೆಯ ಮೇಲೂ ತೋರಿದರೆ ಸಾಕು.

ಕೊನೆಯದಾಗಿ, ಇಡೀ ಯೋಜನೆಯ ಕೀಲಿಕೈ. ಅದೇ ಮರಳುವ ಗಳಿಗೆ. ಎಷ್ಟು ದೂರ ಹೋಗಬೇಕೆಂದು ಗೊತ್ತುಮಾಡಿ ಹೊರಡುವವರು ತಡಮಾಡುತ್ತಾರೆ. ಎಷ್ಟು ಹೊತ್ತಿಗೆ ತಿರುಗಬೇಕೆಂದು ಗೊತ್ತುಮಾಡಿ ಹೊರಡುವವರು ಮನೆ ಸೇರುತ್ತಾರೆ. ಹೊಳೆಯ ಪ್ರತಿಯೊಂದು ತಿರುವಿನ ಆಚೆಗೂ ಏನೋ ಇದ್ದಂತೆ ತೋರುವುದು ಹೊಳೆಯ ಸ್ವಭಾವ. "ಆ ತಿರುವೊಂದನ್ನು ನೋಡಿಬಿಡೋಣ" ಎಂಬ ಮಾತು ಯಾರ ಬಾಯಿಂದಾದರೂ ಬಂದೇ ಬರುತ್ತದೆ. ಬಹುಮಟ್ಟಿಗೆ ಮನೆಯ ಯಜಮಾನರ ಬಾಯಿಂದಲೇ. ಆದುದರಿಂದ ಗಡಿಯಾರ ಅವರ ಕೈಯಲ್ಲಿರಬಾರದು. ಮನೆಯಲ್ಲಿ ಹಾಲಿನ ಲೆಕ್ಕ, ಅಗಸರ ಲೆಕ್ಕ ಇಡುವವರು ಯಾರೋ ಅವರ ಕೈಗೆ ಅದನ್ನು ಒಪ್ಪಿಸಿ, ಅವರು ಹೇಳಿದೊಡನೆ ಚರ್ಚೆಯಿಲ್ಲದೆ ದೋಣಿ ತಿರುಗಿಸುವುದೆಂದು ದಡದಲ್ಲಿಯೇ ಎಲ್ಲರೂ ಮಾತು ಕೊಡಬೇಕು. ಆಕಾಶ ಕಪ್ಪಾದರೂ, ಗಾಳಿ ಬದಲಾದರೂ, ಒಂದು ಮಗು ಸಾಕೆಂದು ಸುಮ್ಮನಾದರೂ ಗಡಿಯಾರಕ್ಕೆ ಕಾಯದೆ ತಿರುಗುವ ಅಧಿಕಾರವೂ ಅವರಿಗೇ ಸೇರಿದ್ದು.

ಅರ್ಧ ಹಾದಿಯಿಂದ ಮರಳಿದೆವೆಂದು ನಾಚಬೇಕಾದುದಿಲ್ಲ. ಘಟ್ಟದಿಂದ ಇಳಿಯುವ ನೀರು ಅಲ್ಲಿಯೇ ಇರುತ್ತದೆ. ನೋಡದೆ ಬಿಟ್ಟ ತಿರುವೂ ಅಲ್ಲಿಯೇ ಇರುತ್ತದೆ. ಚಂದ್ರನ ಲೆಕ್ಕ ತಪ್ಪುವುದಿಲ್ಲವಾದ ಕಾರಣ, ಒಂದು ಪಕ್ಷ ಕಳೆದರೆ ಅದೇ ಹೊತ್ತಿಗೆ ಭರತ ಮತ್ತೆ ತುಂಬುತ್ತದೆ. ಕ್ಯಾಲೆಂಡರಿನಲ್ಲಿ ಆ ತಿಥಿಗೊಂದು ಗುರುತು ಹಾಕಿಟ್ಟರಾಯಿತು.